ಮನೆಗೊಂದು ಟ್ಯಾಬ್, ಜೇಬಿಗೊಂದು ಫೋನ್: ಆ್ಯಪ್‌ಗಳಿಂದ ಮನೆಗೆಲಸ ಮಾಡಿಸಿಕೊಳ್ಳುವ ಬಗೆ

ಮೋಟಾರು ಹಾಕಿ ಮೊಬೈಲ್‌ನಲ್ಲಿ ಟೈಮರ್ ಇಟ್ಟವರು ಅದೇ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹಾಲು ತರಲು ಹೋದರೆ, ಟೈಮರ್ ಹಾಲಿನ ಬೂತ್ ಮುಂದೆ ಹೊಡೆದುಕೊಳ್ಳುತ್ತದೆ. ಟ್ಯಾಂಕಿನ ನೀರು ಮಾತ್ರ ಮನೆಯಲ್ಲಿ ಹರಿಯುತ್ತಿರುತ್ತದೆ. ಮನೆಗೆಲಸಕ್ಕೆ ಆ್ಯಪ್ ಬಳಸಲು ಹೊರಟವರಲ್ಲಿ ಬಹಳಷ್ಟು ಜನ ಸೋಲುವುದು ಇಂಥ ಕಡೆಯಲ್ಲೇ. ಆ್ಯಪ್‌ನಲ್ಲಿ ದೋಷವಿರುವುದಿಲ್ಲ, ಅದನ್ನು ಇಟ್ಟ ಜಾಗ ತಪ್ಪಾಗಿರುತ್ತದೆ. ಮನೆಯವರೆಲ್ಲರಿಗೂ ಬೇಕಾದ ನೆನಪು ಒಬ್ಬರ ಜೇಬಿನಲ್ಲಿ ಕೂತುಬಿಟ್ಟರೆ, ಅವರು ಮನೆಯಲ್ಲಿಲ್ಲದಾಗ ಆ ನೆನಪೂ ಮನೆಯಲ್ಲಿರುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಟ್ಯಾಬ್ ಅಥವಾ ಹಳೆಯ ಫೋನನ್ನು ಮನೆಯ ಸಾಮಾನಾಗಿ ಮಾಡಿ, ಅಡುಗೆಮನೆಯ ಹತ್ತಿರ ಇಡಿ. ದಿನಸಿ, ನೀರು, ಗ್ಯಾಸ್, ಕರೆಂಟು, ಮಾತ್ರೆ ಎಲ್ಲ ಅದರ ಪಾಲು. ಹಣ, ಬ್ಯಾಂಕು, ಆಧಾರ್ ಇವು ಮಾತ್ರ ನಿಮ್ಮ ಜೇಬಿನ ಫೋನಿನಲ್ಲಿರಲಿ. ಇದಕ್ಕಾಗಿ ಹೊಸ ಆ್ಯಪ್ ಹೆಚ್ಚೇನೂ ಬೇಕಾಗಿಲ್ಲ. ಗಡಿಯಾರ, ಕ್ಯಾಮೆರಾ, ಕ್ಯಾಲೆಂಡರ್, ಗೂಗಲ್ ಕೀಪ್, ಗೂಗಲ್ ಡ್ರೈವ್ ಇದ್ದರೆ ಮುಕ್ಕಾಲು ಕೆಲಸ ಆಯಿತು. ಇಲ್ಲಿ ಹೇಳಿರುವುದೆಲ್ಲ ಆಂಡ್ರಾಯ್ಡ್ ಲೆಕ್ಕದಲ್ಲಿದೆ. ಕಂಪನಿಯಿಂದ ಕಂಪನಿಗೆ ಸೆಟ್ಟಿಂಗ್ಸ್‌ನ ಹೆಸರು ತುಸು ಬದಲಾಗಬಹುದು. ಐಪ್ಯಾಡ್ ಬೇರೆಯಾಗಿರುವ ಕಡೆ ಅದನ್ನೂ ಹೇಳಿದ್ದೇನೆ.

ಹಳೆಯ ಟ್ಯಾಬ್ ಸಿದ್ಧ ಮಾಡುವುದು

1. ಮೊದಲು ಬ್ಯಾಟರಿ ನೋಡಿ. ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಅದು ಅಲುಗಾಡಿದರೆ, ಪರದೆಯ ಅಂಚು ಮೇಲೆದ್ದಿದ್ದರೆ, ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಅಂಥದ್ದನ್ನು ಚಾರ್ಜಿಗೆ ಹಾಕಲೇಬೇಡಿ. ಬ್ಯಾಟರಿ ಬದಲಿಸಿ, ಇಲ್ಲವೇ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

2. ಒಳಗಿರುವ ಫೋಟೊ, ಸಂಪರ್ಕಗಳನ್ನು ಬೇರೆಡೆ ಉಳಿಸಿಕೊಂಡು, ಹಳೆಯ ಗೂಗಲ್ ಅಕೌಂಟನ್ನು ಸೆಟ್ಟಿಂಗ್ಸ್‌ನಿಂದ ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್ (ಎಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡಿ. ಅಕೌಂಟ್ ತೆಗೆಯದೆ ರೀಸೆಟ್ ಮಾಡಿದರೆ, ಮತ್ತೆ ಆನ್ ಮಾಡುವಾಗ ಅದು ಹಳೆಯ ಪಾಸ್‌ವರ್ಡ್ ಕೇಳಿ ಕೂರಬಹುದು. ಆ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ.

3. ಮನೆಯ ಹೆಸರಿನಲ್ಲೇ ಒಂದು ಹೊಸ ಗೂಗಲ್ ಅಕೌಂಟ್ ತೆರೆಯಿರಿ. ಮಗನದ್ದೋ ಸೊಸೆಯದ್ದೋ ಅಕೌಂಟ್ ಹಾಕಿದರೆ ಅವರ ಮೇಲ್, ಫೋಟೊ ಎಲ್ಲ ಅಡುಗೆಮನೆಯಲ್ಲಿ ತೆರೆದು ಬಿದ್ದಿರುತ್ತವೆ. ರಿಕವರಿಗೆ ಮನೆಯ ಹಿರಿಯರೊಬ್ಬರ ನಂಬರ್ ಕೊಡಿ. ಪಾಸ್‌ವರ್ಡನ್ನು ಬೀರುವಿನಲ್ಲಿರುವ ಡೈರಿಯಲ್ಲಿ ಬರೆದಿಡಿ.

4. ಸೆಟ್ಟಿಂಗ್ಸ್, ಸಿಸ್ಟಮ್, ಲ್ಯಾಂಗ್ವೇಜಸ್ ಎಂಬಲ್ಲಿ ಹೋಗಿ ಕನ್ನಡ ಸೇರಿಸಿ, ಅದನ್ನು ಎಳೆದು ಮೇಲಕ್ಕೆ ತನ್ನಿ. ಜೀಬೋರ್ಡ್ ಕೀಲಿಮಣೆಯಲ್ಲೂ ಕನ್ನಡ ಸೇರಿಸಿ. ಅಲ್ಲಿ ಎರಡು ಬಗೆ ಸಿಗುತ್ತವೆ: ನೇರ ಕನ್ನಡ ಅಕ್ಷರಗಳದ್ದು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದು. ಎರಡನ್ನೂ ಹಾಕಿಡಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಢಿ.

5. ಬಂದಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ. ತುಂಬ ಹಳೆಯ ಸಾಧನಕ್ಕೆ ಭದ್ರತೆಯ ಅಪ್‌ಡೇಟ್ ನಿಂತುಹೋಗಿರುತ್ತದೆ. ದಿನಸಿ ಪಟ್ಟಿಗೆ ಅದರಿಂದ ತೊಂದರೆಯಿಲ್ಲ. ಬ್ಯಾಂಕ್ ಆ್ಯಪ್, ಯುಪಿಐ ಇದರಲ್ಲಿ ಬೇಡವೇ ಬೇಡ ಎನ್ನಲು ಇದೂ ಒಂದು ಕಾರಣ.

ಜಾಗ ಆರಿಸುವಾಗ ಒಲೆಯಿಂದ ದೂರ, ಸಿಂಕಿನ ನೀರು ಸಿಡಿಯದ ಕಡೆ, ಬಿಸಿಲು ನೇರ ಬೀಳದ ಗೋಡೆ ನೋಡಿ. ಕಾವು ಬ್ಯಾಟರಿಯ ಮೊದಲ ಶತ್ರು. ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿಡುವುದೂ ಒಳ್ಳೆಯದಲ್ಲ. ಚಾರ್ಜನ್ನು ಶೇ 80ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯ ಕೆಲವು ಸಾಧನಗಳಲ್ಲಿದೆ, ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಚಾರ್ಜಿಗೆ ಹಾಕಿ, ಪಾತ್ರೆ ತೊಳೆದು ಮುಗಿದಾಗ ತೆಗೆಯುವ ಅಭ್ಯಾಸ ಸಾಕು.

ದಿನಸಿ ಪಟ್ಟಿ

ದಿನಸಿ ಚೀಟಿ ಬರೆಯಲು ಬೇಕಾದಷ್ಟು ಆ್ಯಪ್‌ಗಳಿವೆ. ಗೂಗಲ್ ಕೀಪ್ ಸಾಕು. ಹೊಸ ಪಟ್ಟಿ ತೆರೆದು ‘ದಿನಸಿ’ ಎಂದು ಹೆಸರಿಡಿ, ಟಿಕ್ ಬಾಕ್ಸ್ ಇರುವ ನಮೂನೆ ಆರಿಸಿ, ಕೊಲ್ಯಾಬರೇಟರ್ ಎಂಬಲ್ಲಿ ಮನೆಯವರ ಮೇಲ್ ವಿಳಾಸಗಳನ್ನು ಸೇರಿಸಿ. ಈಗ ಅಡುಗೆಮನೆಯ ಟ್ಯಾಬ್‌ನಲ್ಲಿ ಬರೆದದ್ದು ಅಂಗಡಿಯಲ್ಲಿ ನಿಂತವರ ಫೋನಿನಲ್ಲೂ ಕಾಣುತ್ತದೆ.

ಇದರಲ್ಲಿ ಹೆಚ್ಚಿನವರು ಬಳಸದ ಒಂದು ಅನುಕೂಲವಿದೆ. ತಿಂಗಳು ತಿಂಗಳು ಹೊಸ ಪಟ್ಟಿ ಬರೆಯಬೇಡಿ. ಒಂದೇ ಸಲ ಕೂತು ನಿಮ್ಮ ಮನೆಗೆ ಬರುವ ಎಲ್ಲ ಸಾಮಾನನ್ನೂ ಬರೆದುಬಿಡಿ: ಸೋನಾ ಮಸೂರಿ, ತೊಗರಿಬೇಳೆ, ಉದ್ದಿನಬೇಳೆ, ಬನ್ಸಿ ರವೆ, ರಾಗಿ ಹಿಟ್ಟು, ಬೆಲ್ಲ, ಹುಣಸೆ, ಬ್ಯಾಡಗಿ ಮೆಣಸಿನಕಾಯಿ, ಕಡಲೆಕಾಯಿ ಎಣ್ಣೆ, ಸೋಪು, ಊದುಬತ್ತಿ, ದೀಪದ ಬತ್ತಿ. ತಂದದ್ದಕ್ಕೆ ಟಿಕ್ ಹಾಕಿದರೆ ಅದು ಪಟ್ಟಿಯ ಕೆಳಕ್ಕೆ ಇಳಿಯುತ್ತದೆ. ಮನೆಯಲ್ಲಿ ಮುಗಿಯುತ್ತಾ ಬಂದಾಗ ಅದರ ಟಿಕ್ ತೆಗೆದರೆ ಮತ್ತೆ ಮೇಲಕ್ಕೆ ಬರುತ್ತದೆ. ತಿಂಗಳ ಸಾಮಾನಿಗೆ ಹೊರಡುವ ಮುನ್ನ ಎಲ್ಲ ಟಿಕ್ ಒಟ್ಟಿಗೆ ತೆಗೆಯುವ ಆಯ್ಕೆಯೂ ಮೆನುವಿನಲ್ಲಿದೆ. ‘ಅರ್ಧ ಕೆಜಿ’, ‘2 ಪ್ಯಾಕೆಟ್’ ಎಂಬ ಲೆಕ್ಕವನ್ನು ಹೆಸರಿನ ಪಕ್ಕದಲ್ಲೇ ಬರೆದಿಟ್ಟರೆ, ಅಂಗಡಿಯಿಂದ ‘ಎಷ್ಟು ತರಲಿ?’ ಎಂಬ ಫೋನು ಬರುವುದಿಲ್ಲ.

ಬರೆಯಲು ಬೇಸರವಿದ್ದರೆ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ. ಒಂದು ಉಸಿರಿಗೆ ಹತ್ತು ಸಾಮಾನು ಹೇಳಬೇಡಿ. ಒಂದು ಹೇಳಿ, ಎಂಟರ್ ಒತ್ತಿ, ಇನ್ನೊಂದು ಹೇಳಿ. ಕೈಗೆ ಹಿಟ್ಟು ಮೆತ್ತಿದ್ದಾಗ ಟೈಮರ್ ಇಡಬೇಕೆಂದರೂ ಮಾತೇ ಸಾಕು: ‘ಹೇ ಗೂಗಲ್, ಸೆಟ್ ಎ ಟೈಮರ್ ಫಾರ್ ಟ್ವೆಂಟಿ ಮಿನಿಟ್ಸ್’. ಇಡ್ಲಿ ಬೇಯುವುದಕ್ಕೆ, ಕುಕ್ಕರಿನ ಸಣ್ಣ ಉರಿಗೆ ಇದಕ್ಕಿಂತ ದೊಡ್ಡ ವ್ಯವಸ್ಥೆ ಬೇಕಿಲ್ಲ.

ನೀರು

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಇನ್ನು ಕೆಲವು ಊರುಗಳಲ್ಲಿ ವಾರಕ್ಕೆರಡು ಸಲ. ಗೂಗಲ್ ಕ್ಯಾಲೆಂಡರ್‌ನಲ್ಲಿ ‘ನೀರು ಬರುವ ದಿನ’ ಎಂದು ಬರೆದು, ರಿಪೀಟ್ ಎಂಬಲ್ಲಿ ಕಸ್ಟಮ್ ಆರಿಸಿ 2 ದಿನಕ್ಕೊಮ್ಮೆ ಎಂದು ಇಡಿ. ನೀರು ಬಿಡುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ನೆನಪಿಸಲಿ. ಒಂದು ಸರದಿ ತಪ್ಪಿದರೆ ಆ ದಿನವನ್ನು ಎಳೆದು ಮುಂದಕ್ಕೆ ಹಾಕಿ, ಮುಂದಿನವೆಲ್ಲ ಬದಲಾಗಲಿ ಎಂದು ಒಪ್ಪಿಗೆ ಕೊಡಿ.

ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಲೆಕ್ಕವನ್ನು ಒಂದು ಸಲ ಸರಿಯಾಗಿ ತೆಗೆದುಕೊಳ್ಳಿ. ಟ್ಯಾಂಕ್ ಖಾಲಿ ಆದ ದಿನ ಮೋಟಾರು ಹಾಕಿ ಸ್ಟಾಪ್‌ವಾಚ್ ಓಡಿಸಿ, ತುಂಬಿ ಹೊರಬೀಳುವ ಹೊತ್ತಿಗೆ ನಿಲ್ಲಿಸಿ. ಆ ಸಮಯಕ್ಕಿಂತ ಮೂರು ನಾಲ್ಕು ನಿಮಿಷ ಕಡಿಮೆ ಇಟ್ಟು ಗಡಿಯಾರದ ಆ್ಯಪ್‌ನಲ್ಲಿ ಟೈಮರ್ ಮಾಡಿ, ಅದಕ್ಕೆ ‘ಮೋಟಾರು’ ಎಂದು ಹೆಸರಿಡಿ. ಮುಂದಿನ ಸಲದಿಂದ ಸ್ವಿಚ್ ಹಾಕಿದವರು ಅದನ್ನೊಮ್ಮೆ ಒತ್ತಿದರಾಯಿತು. ಸಂಪಿನಲ್ಲಿ ನೀರು ತಳ ಮುಟ್ಟಿದ್ದರೆ ನೀರು ನಿಧಾನವಾಗಿ ಏರುತ್ತದೆ, ಸಮಯ ಹೆಚ್ಚು ಬೇಕಾಗುತ್ತದೆ. ಸಂಪು ಪೂರ್ತಿ ಖಾಲಿಯಾದರೆ ಮೋಟಾರು ಒಣಗಿಯೇ ಓಡಿ ಸುಟ್ಟುಹೋಗಬಹುದು. ಅದನ್ನು ಟೈಮರ್ ತಡೆಯಲಾರದು, ಸಂಪಿನ ಮುಚ್ಚಳ ತೆಗೆದು ನೋಡಲೇಬೇಕು.

ಕರೆಂಟು: ತಿಂಗಳ ನಡುವೆ ಒಂದು ವಿಡಿಯೊ

ಕರ್ನಾಟಕದ ಮನೆಗಳಿಗೆ ಇದು ನೇರ ದುಡ್ಡಿನ ಮಾತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತವಾಗಿ ಸಿಗುವ ಅರ್ಹ ಯೂನಿಟ್ ನಿಗದಿಯಾಗುತ್ತದೆ. ಅದನ್ನು ಮೀರಿದರೂ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ಹಣ. 200 ದಾಟಿತೋ, ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. ಬಿಲ್ಲು ಕೈಗೆ ಬಂದಮೇಲೆ ನೋಡಿ ಪ್ರಯೋಜನವಿಲ್ಲ, ತಿಂಗಳ ನಡುವೆ ನೋಡಬೇಕು.

ಡಿಜಿಟಲ್ ಮೀಟರ್‌ನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ: ತಾರೀಕು, ಸಮಯ, ವೋಲ್ಟೇಜ್, ಇನ್ನೇನೇನೋ. ಫೋಟೊ ತೆಗೆದರೆ ಬೇಡದ ಅಂಕಿ ಸಿಕ್ಕಿಬೀಳುತ್ತದೆ. ಅದಕ್ಕೆ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಮೇಲೆ ನಿಧಾನವಾಗಿ ಓಡಿಸಿ, ಕಿಲೋವ್ಯಾಟ್ ಅವರ್ ಎಂದು ತೋರಿಸುವ ಕಡೆ ನಿಲ್ಲಿಸಿ. ಆ ಅಂಕಿಯೇ ಯೂನಿಟ್.

ಒಂದು ಲೆಕ್ಕ ನೋಡೋಣ. ಬಿಲ್ಲು ಬರೆದ ದಿನ ಮೀಟರ್ 4,312 ಇತ್ತು, 14 ದಿನದ ನಂತರ 4,407. ಅಂದರೆ 95 ಯೂನಿಟ್, ದಿನಕ್ಕೆ ಸುಮಾರು 6.8. ಇದೇ ವೇಗದಲ್ಲಿ ಹೋದರೆ 30 ದಿನಕ್ಕೆ 204 ಆಗುತ್ತದೆ. ನಾಲ್ಕೇ ನಾಲ್ಕು ಯೂನಿಟ್‌ಗೆ ಇಡೀ ಬಿಲ್ಲು ತಲೆಯ ಮೇಲೆ! 2,000 ವಾಟ್‌ನ ಗೀಸರ್ ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್. ಉಳಿದ 16 ದಿನ ದಿನಕ್ಕೆ ಕಾಲು ಗಂಟೆ ಕಡಿಮೆ ಹಾಕಿದರೆ 8 ಯೂನಿಟ್ ಉಳಿಯುತ್ತದೆ, ಲೆಕ್ಕ 200ರ ಒಳಗೆ ಬಂದು ನಿಲ್ಲುತ್ತದೆ. ಕ್ಯಾಲೆಂಡರ್‌ನಲ್ಲಿ ಬಿಲ್ಲಿನ ದಿನದಿಂದ ಎರಡು ವಾರಕ್ಕೆ ‘ಮೀಟರ್ ನೋಡು’ ಎಂದು ತಿಂಗಳು ತಿಂಗಳು ಬರುವಂತೆ ಹಾಕಿಡಿ.

ಬಿಲ್ಲು ಕಟ್ಟುವುದು ಜೇಬಿನ ಫೋನಿನ ಕೆಲಸ. ಬೆಸ್ಕಾಂ ಗ್ರಾಹಕರಾದರೆ ಬಿಲ್ಲಿನಲ್ಲಿರುವ 10 ಅಂಕಿಯ ಅಕೌಂಟ್ ಐಡಿ ಬೇಕು, ಆರ್‌ಆರ್ ನಂಬರ್ ಬೇರೆ. ಎರಡನ್ನೂ ಕೀಪ್‌ನಲ್ಲಿ ಒಂದು ಕಡೆ ಬರೆದಿಡಿ. ಕರೆಂಟ್ ಹೋದಾಗ ಹುಡುಕಾಡದಿರಲು 1912 ನಂಬರನ್ನೂ ಅಲ್ಲೇ ಸೇರಿಸಿ.

ಗ್ಯಾಸು, ಬಿಲ್ಲು, ವಾರಂಟಿ

ಹೊಸ ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಮೂರು ನಾಲ್ಕು ಸಿಲಿಂಡರ್ ಆಗುವಷ್ಟರಲ್ಲಿ ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆಂಬುದು ಗೊತ್ತಾಗುತ್ತದೆ, ಬುಕಿಂಗ್ ನೆನಪೋಲೆಯನ್ನು ಅದಕ್ಕೆ ತಕ್ಕಂತೆ ಇಡಬಹುದು. ಸಿಲಿಂಡರ್ ಇಳಿಸಿಕೊಳ್ಳುವಾಗ ಕ್ಯಾಮೆರಾದಲ್ಲಿ ಎರಡು ಗುರುತು ಹಿಡಿಯಿರಿ. ಒಂದು, ಮೈಮೇಲೆ ಬರೆದಿರುವ ಖಾಲಿ ತೂಕ. ಅದಕ್ಕೆ 14.2 ಕೆಜಿ ಸೇರಿಸಿದರೆ ತುಂಬಿದ ತೂಕ ಬರಬೇಕು. ಇನ್ನೊಂದು, ಹಿಡಿಯ ಪಟ್ಟಿಯ ಒಳಬದಿಯಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರದ ಜೊತೆ ಬರೆದ ಇಸವಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಲ್ಲಿಂದ ಡಿಸೆಂಬರ್. ‘ಸಿ-27’ ಎಂದಿದ್ದರೆ 2027ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದದ್ದು ಬಂದರೆ ಬದಲಿಸಿಕೊಡಲು ಹೇಳಿ. ಫೋನಿಗೆ ಬರುವ ಡೆಲಿವರಿ ಕೋಡನ್ನು ಸಿಲಿಂಡರ್ ಬಾಗಿಲಿಗೆ ಬಂದಮೇಲೆ ಹೇಳಿದರೆ ಸಾಕು. ಇನ್ನು ಗ್ಯಾಸ್ ಸೋರಿದ ವಾಸನೆ ಬಂದಾಗ ಅಡುಗೆಮನೆಯಲ್ಲಿ ನಿಂತು ಟ್ಯಾಬ್, ಫೋನು, ಸ್ವಿಚ್ಚು ಯಾವುದನ್ನೂ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಮಿಕ್ಸಿ, ಫ್ರಿಜ್, ಯುಪಿಎಸ್ ಕೊಂಡಾಗ ಕೊಡುವ ನುಣುಪು ಕಾಗದದ ಬಿಲ್ಲು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ. ಶಾಖಕ್ಕೆ ಕಪ್ಪಾಗುವ ಕಾಗದ ಅದು, ಅಕ್ಷರ ನಿಲ್ಲುವುದಿಲ್ಲ. ಕೊಂಡ ದಿನವೇ ಗೂಗಲ್ ಡ್ರೈವ್‌ನ ಸ್ಕ್ಯಾನ್ ಆಯ್ಕೆಯಿಂದ ಹಿಡಿದು, ‘ಫ್ರಿಜ್ 2025 ವಾರಂಟಿ’ ಎಂಬಂಥ ಹೆಸರಿಟ್ಟು ಉಳಿಸಿ. ಹಿಂಬದಿಯ ಸೀರಿಯಲ್ ನಂಬರಿನ ಫೋಟೊವೂ ಅದರ ಜೊತೆಗಿರಲಿ. ಸರ್ವಿಸ್‌ಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದೇ ಅದನ್ನು, ಆಗ ಫ್ರಿಜ್ ಎಳೆದು ಹಿಂದೆ ಬಗ್ಗಿ ಓದುವ ಪಾಡು ತಪ್ಪುತ್ತದೆ.

ಅಜ್ಜಿಯ ಮಾತ್ರೆಗೆ ಮೊಮ್ಮಗಳ ದನಿ

ಮಾತ್ರೆ ನೆನಪಿಸಲೆಂದೇ ಇರುವ ಆ್ಯಪ್‌ಗಳು ಇವೆ. ಅವುಗಳಲ್ಲಿ ಕೆಲವು ಮಾತ್ರೆಯ ಹೆಸರು, ರೋಗದ ವಿವರ ಎಲ್ಲ ಕೇಳುತ್ತವೆ. ಅಷ್ಟನ್ನು ಕೊಡುವ ಅಗತ್ಯ ನನಗೆ ಕಂಡಿಲ್ಲ. ಗಡಿಯಾರದ ಅಲಾರಾಂ ಸಾಕು, ಅದರ ದನಿ ಬದಲಿಸಿದರೆ. ರೆಕಾರ್ಡರ್ ಆ್ಯಪ್‌ನಲ್ಲಿ ಮನೆಯವರೊಬ್ಬರು ‘ಅಜ್ಜಿ, ತಿಂಡಿ ಆಯ್ತಾ? ಬಿಪಿ ಮಾತ್ರೆ ತಗೊಳ್ಳಿ’ ಎಂದು ಹೇಳಿ ಉಳಿಸಲಿ. ಗೂಗಲ್ ಗಡಿಯಾರದಲ್ಲಿ ಹೊಸ ಅಲಾರಾಂ ಮಾಡಿ, ಗಂಟೆಯ ಚಿತ್ರ ಒತ್ತಿ, ಹೊಸ ದನಿ ಸೇರಿಸುವ ಆಯ್ಕೆಯಲ್ಲಿ ಆ ಧ್ವನಿಯನ್ನು ಹಾಕಿ. ಟಿಂಗ್ ಟಿಂಗ್ ಎಂಬ ಸದ್ದಿಗೆ ಯಾರದೋ ಫೋನು ಇರಬೇಕೆಂದು ಸುಮ್ಮನಾಗುವವರು ಮೊಮ್ಮಗಳ ದನಿಗೆ ಎದ್ದು ಬರುತ್ತಾರೆ. ಒಂದೊಂದು ಹೊತ್ತಿಗೆ ಒಂದೊಂದು ಧ್ವನಿ ಇರಲಿ.

ಮಾತ್ರೆಯ ಪಟ್ಟಿಯ ಮೇಲಿನ ಸಣ್ಣಕ್ಷರ ಓದಲು ಕ್ಯಾಮೆರಾವನ್ನು ದೊಡ್ಡದು ಮಾಡಿ ಹಿಡಿದರೆ ಭೂತಗನ್ನಡಿ ಬೇಡ. ಐಫೋನ್, ಐಪ್ಯಾಡ್‌ಗಳಲ್ಲಿ ಇದಕ್ಕೆಂದೇ ಮ್ಯಾಗ್ನಿಫೈಯರ್ ಇದೆ. ಉಪಕರಣದ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಗೂಗಲ್ ಲೆನ್ಸ್ ಕನ್ನಡದಲ್ಲಿ ತೋರಿಸುತ್ತದೆ. ವಾಷಿಂಗ್ ಮಷೀನಿಗೆ ಅದು ಚೆನ್ನ. ಔಷಧಿಯ ಪ್ರಮಾಣವನ್ನು ಮಾತ್ರ ಆ ಅನುವಾದ ನಂಬಿ ತೀರ್ಮಾನಿಸಬೇಡಿ, ಔಷಧಿ ಅಂಗಡಿಯವರನ್ನು ಕೇಳಿ.

ಫೋನಿನೊಳಗೇ ಇರುವ ಸಲಕರಣೆ

ವಾಷಿಂಗ್ ಮಷೀನ್ ತಿರುಗುವಾಗ ಜಾಗ ಬಿಟ್ಟು ಸರಿಯುತ್ತಿದ್ದರೆ ಕಾಲುಗಳು ಮಟ್ಟವಾಗಿಲ್ಲ. ಫೋನಿನಲ್ಲಿ ಗೂಗಲ್ ತೆರೆದು ‘ಬಬಲ್ ಲೆವೆಲ್’ ಎಂದು ಹುಡುಕಿದರೆ ರಸಮಟ್ಟ ಅಲ್ಲೇ ಬರುತ್ತದೆ, ಐಫೋನ್‌ನಲ್ಲಿ ಮೆಷರ್ ಆ್ಯಪ್‌ನೊಳಗೆ ಇದೆ. ಫೋನನ್ನು ಬೆನ್ನಡಿಯಾಗಿ ಮಲಗಿಸಿದರೆ ಕ್ಯಾಮೆರಾದ ಉಬ್ಬು ಲೆಕ್ಕ ಕೆಡಿಸುತ್ತದೆ. ಕವರ್ ತೆಗೆದು, ಉದ್ದದ ಅಂಚಿನ ಮೇಲೆ ನಿಲ್ಲಿಸಿ. ಒಮ್ಮೆ ನೋಡಿ, ಆಮೇಲೆ ಅದೇ ಜಾಗದಲ್ಲಿ ಫೋನನ್ನು ಹಿಂದುಮುಂದು ತಿರುಗಿಸಿ ಇಟ್ಟು ಮತ್ತೆ ನೋಡಿ. ಎರಡು ಸಲವೂ ಅಷ್ಟೇ ಓರೆ ತೋರಿಸಿ, ಓರೆ ಮಷೀನಿನ ಅದೇ ಬದಿಗಿದ್ದರೆ ಫೋನು ನಂಬಲರ್ಹ.

ಟಿವಿ ರಿಮೋಟ್ ಕೆಲಸ ಮಾಡದಿದ್ದಾಗ ಸೆಲ್ಲು ಹೋಗಿದೆಯೋ ಟಿವಿಯೇ ಕೆಟ್ಟಿದೆಯೋ ತಿಳಿಯಬೇಕೆ? ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದರತ್ತ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಕಿರಣ ಪರದೆಯಲ್ಲಿ ನೇರಳೆ ಬಿಳುಪಾಗಿ ಮಿಣುಕುತ್ತದೆ. ಮಿಣುಕದಿದ್ದರೆ ಮೊದಲು ಸೆಲ್ಲು ಬದಲಿಸಿ. ಹಿಂಬದಿಯ ಕ್ಯಾಮೆರಾಗಳು ಆ ಕಿರಣವನ್ನು ತಡೆಯುವುದೇ ಹೆಚ್ಚು, ಅದಕ್ಕೇ ಸೆಲ್ಫಿಯದ್ದು. ರಿಮೋಟ್ ಕಿರಣ ಬಿಡುವ ವ್ಯವಸ್ಥೆ ಕೆಲವು ಫೋನುಗಳ ತಲೆಯಲ್ಲೇ ಇರುತ್ತದೆ, ಅಂಥ ಫೋನು ರಿಮೋಟ್‌ನ ಬದಲಿಗೂ ಆಗುತ್ತದೆ.

ಸ್ಮಾರ್ಟ್ ಪ್ಲಗ್ (ಫೋನಿನಿಂದಲೇ ಆನ್, ಆಫ್ ಮಾಡುವ ಪ್ಲಗ್) ಕೊಳ್ಳುವವರು ಒಂದನ್ನು ನೋಡಲೇಬೇಕು. 2,000 ವಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, 3,000 ವಾಟ್‌ನದು 13. ಅದಕ್ಕೆ 16 ಆಂಪ್‌ನ ಪ್ಲಗ್ಗೇ ಆಗಬೇಕು, ಚಿಕ್ಕದು ಕಾದು ಕರಗೀತು. ನೀರಿನ ಮೋಟಾರಿಗಂತೂ ಇದು ಬೇಡ, ಚಾಲೂ ಆಗುವ ಕ್ಷಣ ಅದು ಎಳೆಯುವ ಕರೆಂಟು ಇನ್ನೂ ಹೆಚ್ಚು. ಇಂಥ ಪ್ಲಗ್ಗುಗಳು ಬಹುತೇಕ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಜೋಡಣೆ ಆಗುತ್ತಿಲ್ಲವೆಂದರೆ ಮೊದಲು ಅದನ್ನು ನೋಡಿ.

ಮಕ್ಕಳ ಕೈಗೆ ಕೊಡುವ ಮುನ್ನ

ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಆ್ಯಪ್ ಪಿನ್ನಿಂಗ್ ಇದೆ. ಅದನ್ನೂ, ಹೊರಬರುವಾಗ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ ಒಂದು ಆ್ಯಪನ್ನು ಪಿನ್ ಮಾಡಿದರೆ, ಪಾಸ್‌ವರ್ಡ್ ಇಲ್ಲದೆ ಮಗು ಹೊರಬರಲಾರದು. ಐಪ್ಯಾಡ್‌ನಲ್ಲಿ ಇದು ಗೈಡೆಡ್ ಆಕ್ಸೆಸ್, ಮೇಲಂಚಿನ ಅಥವಾ ಹೋಮ್ ಬಟನ್ ಮೂರು ಸಲ ಒತ್ತಿದರೆ ಶುರು. ದಿನಕ್ಕೆ ಇಷ್ಟು ಹೊತ್ತು ಎಂದು ಮಿತಿ ಹಾಕಲು ಫ್ಯಾಮಿಲಿ ಲಿಂಕ್ ಇದೆ. ಹಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಮಕ್ಕಳಿಗೆ ಬೇರೆಯೇ ಯೂಸರ್ ಮಾಡಿಕೊಡಬಹುದು, ಆಗ ದಿನಸಿ ಪಟ್ಟಿಯ ಮೇಲೆ ಅವರ ಆಟ ನಡೆಯುವುದಿಲ್ಲ.

ಹಣದ ಫೋನು

ಯುಪಿಐ, ಬ್ಯಾಂಕು, ಡಿಜಿಲಾಕರ್ ಇರುವ ಫೋನಿಗೆ ನಿಯಮ ಕಟ್ಟುನಿಟ್ಟಾಗಿರಲಿ. ‘ಹಿಂದಿನ ತಿಂಗಳ ಬಿಲ್ಲು ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್’ ಎಂಬ ಸಂದೇಶ ದೇಶದ ತುಂಬ ಓಡಾಡಿದ ಮೋಸ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ, ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ (ಆ್ಯಪ್ ಹಾಕಿಸುವ) ಫೈಲೂ ಅದೇ ಜಾತಿಯದು. ಲಗ್ನಪತ್ರಿಕೆ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್‌ಆ್ಯಪ್‌ಗೂ ಕ್ರೋಮ್‌ಗೂ ಅನುಮತಿ ಇಲ್ಲದಂತೆ ಮಾಡಿಡಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಹಣ ಬರುವುದಕ್ಕೆ ಯಾವ ಪಿನ್ನೂ ಬೇಡ. ಈ ಒಂದು ಮಾತನ್ನು ಮನೆಯ ಹಿರಿಯರಿಗೆ ಮತ್ತೆ ಮತ್ತೆ ಹೇಳಿ.

ಕೊನೆಗೆ, ಫೋನಿನಲ್ಲಿ *#06# ಒತ್ತಿದರೆ ಆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಕಾಣುತ್ತದೆ. ಅದನ್ನು ಬೀರುವಿನ ಅದೇ ಡೈರಿಯಲ್ಲಿ ಬರೆದಿಡಿ. ಫೋನು ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಆ ನಂಬರೇ ಬೇಕು. ಖಾತೆಯಿಂದ ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಆ ನಂಬರನ್ನು ಡೈರಿಯ ಜೊತೆಗೆ ಅಡುಗೆಮನೆಯ ಟ್ಯಾಬ್‌ನಲ್ಲೂ ಬರೆದಿಡಿ, ಕಳೆದುಹೋದ ಫೋನಿನಲ್ಲಿರುವ ನಂಬರ್ ಆ ಹೊತ್ತಿಗೆ ಸಿಗುವುದಿಲ್ಲ.